ಬಿರಾಗೊಳ ಬಲಗೈ

ಕುಮಾಸಿ ನಗರದ ಟಾಫೊ ಪೇಟೆಯ ಬಿರಾಗೊ ಮೆಚ್ಚಿದ ವಸ್ತು ಈ ಭೂಮಿಯ ಮೇಲೆ ಒಂದೇ ಇತ್ತು. ಅದು ಅವಳ ಸ್ವಂತ ಬಲಗೈ. ಉಳಿದದ್ದೆಲ್ಲ ಅವಳ ಪಾಲಿಗೆ ಕಸ. ಪಾದ್ರಿಯ ಉಪದೇಶ ಅರೆಬೆಂದ ಗೆಣಸು, ಪಕ್ಕದ ಬೀದಿಯವಳ ಸೂಪು ಪಾತ್ರೆ ತೊಳೆದ ನೀರು, ಎದುರುಮನೆಯ ಹೊಸ ಸೊಸೆ ಉಪ್ಪು ಹಾಕದ ಸಾರು. ಗಂಡ ಆಂಟ್ವಿಯ ವಿಷಯ ಬಂದರಂತೂ ಅವಳಿಗೆ ಮಾತೇ ಬೇಕಿರಲಿಲ್ಲ. ಹಲ್ಲಿನ ಸಂದಿಯಿಂದ ಉದ್ದಕ್ಕೆ ಗಾಳಿ ಎಳೆದು ‘ಚ್ಯೂ’ ಅಂದರೆ ಮುಗಿಯಿತು. ಕುಮಾಸಿಯ ಹೆಂಗಸರೆಲ್ಲ ಆ ಸದ್ದು ಮಾಡುತ್ತಾರೆ, ಅದೇನು ದೊಡ್ಡ ವಿದ್ಯೆಯಲ್ಲ. ಆದರೆ ಬಿರಾಗೊ ಮಾಡಿದಷ್ಟು ಉದ್ದಕ್ಕೆ ಯಾರೂ ಮಾಡಲಾರರು. ಅವಳ ಒಂದು ‘ಚ್ಯೂ’ದೊಳಗೆ ಎದುರಿನವನು, ಅವನ ಸೋದರಮಾವಂದಿರು, ಅವರ ಹಿರಿಯರು ಎಲ್ಲರೂ ಸಾಲಾಗಿ ಬಂದು ಹೋಗುತ್ತಿದ್ದರು.

ಆ ಕೈಯ ಮೇಲೆ ಅವಳಿಗೆ ಅಷ್ಟು ಜಂಬ ಇದ್ದದ್ದು ಸುಮ್ಮನೆ ಅಲ್ಲ. ಬೆಂದ ಮರಗೆಣಸನ್ನೂ ಬಾಳೆಕಾಯಿಯನ್ನೂ ಮರದ ಒರಳಿಗೆ ಹಾಕಿ ಆಳೆತ್ತರದ ಒನಕೆಯಿಂದ ಕುಟ್ಟುವುದು ಯಾವ ಗಂಡಸಿಗೂ ಬರುತ್ತದೆ; ತೋಳಿದ್ದರೆ ಸಾಕು, ತಲೆ ಬೇಕಿಲ್ಲ. ಹಾಗೆ ಕುಟ್ಟಿದ ಮುದ್ದೆ ಫುಫುವಾಗುವುದು ಕೆಳಗೆ ಮಣೆಯ ಮೇಲೆ ಕೂತವಳ ಕೈಯಲ್ಲಿ. ಒನಕೆ ಮೇಲೆ ಹೋದ ಆ ಒಂದು ಉಸಿರಿನಷ್ಟು ಹೊತ್ತಿನಲ್ಲಿ ಅವಳು ಒದ್ದೆ ಕೈಯನ್ನು ಒರಳಿಗೆ ತೂರಿಸಿ, ಹಿಟ್ಟನ್ನು ಮಗುಚಿ, ಮಡಿಸಿ, ಗಂಟು ಸಿಕ್ಕರೆ ಬೆರಳಲ್ಲೇ ಹಿಸುಕಿ, ಕೈ ಹೊರಗೆ ತೆಗೆದಿರಬೇಕು. ಆಮೇಲೆ ಒನಕೆ ಬೀಳುತ್ತದೆ. ಮತ್ತೆ ಕೈ. ಮತ್ತೆ ಒನಕೆ. ಬಿರಾಗೊ ಈ ವಿದ್ಯೆಯನ್ನು ತವರೂರು ಎಜುರಾದಲ್ಲಿ ತಾಯಿಯಿಂದ ಕಲಿತಿದ್ದಳು. “ಕಣ್ಣಿಂದ ತಿರುವಬೇಡ್ವೇ, ಕಿವಿಯಿಂದ ತಿರುವು. ಕಣ್ಣು ಮೋಸ ಮಾಡತ್ತೆ,” ಎಂದು ತಲೆಗೊಂದು ಮೊಟಕುತ್ತಿದ್ದಳಂತೆ ಆಕೆ. ಹಾಗಾಗಿ ಬಿರಾಗೊ ಒನಕೆಯತ್ತ ನೋಡಿದವಳೇ ಅಲ್ಲ. ಖಾನಾವಳಿಯ ಗಿರಾಕಿಗಳನ್ನು ಮೂದಲಿಸುತ್ತ, ಬೀದಿಯಲ್ಲಿ ಹೋಗುವವರ ಬಟ್ಟೆಗೆ ಹೆಸರಿಡುತ್ತ, ಕೈಯನ್ನು ಅದರ ಪಾಡಿಗೆ ಬಿಟ್ಟಿರುತ್ತಿದ್ದಳು. ಅವಳ ಫುಫುವಿನಲ್ಲಿ ಒಂದು ಗಂಟು ತೋರಿಸಿದವನಿಗೆ ಊಟ ಪುಕ್ಕಟೆ ಎಂದು ಅವಳ ಖಾನಾವಳಿಯಲ್ಲಿ ಮಾತಿತ್ತು. ಹಾಗೆ ಪುಕ್ಕಟೆ ಉಂಡವರನ್ನು ಟಾಫೊದಲ್ಲಿ ನಾವಂತೂ ಕಾಣೆವು.

ಆಂಟ್ವಿ ಅವಳಿಗೆ ಗಂಟುಬಿದ್ದದ್ದೂ ಇದೇ ಒರಳಿನ ಮುಂದೆ. ಲಾರಿಯೊಂದರಲ್ಲಿ ಕ್ಲೀನರ್ ಆಗಿದ್ದವನು. ಯಜಮಾನ ಲಾರಿ ಮಾರಿದ ಮೇಲೆ ಇವನನ್ನು ಕೇಳುವವರಿಲ್ಲದೆ ಬೀದಿಗೆ ಬಿದ್ದಿದ್ದ. ಒಂದು ದಿನ ಬಂದು ಮೇಕೆಮಾಂಸದ ಸೂಪಿನಲ್ಲಿ ಎರಡು ಉಂಡೆ ಇಳಿಸಿ, ಬೆರಳು ನೆಕ್ಕುತ್ತ, “ತಿರುವಿದ ಕೈ ಚೆನ್ನಾಗಿದೆ. ಕುಟ್ಟಿದವನಿಗೆ ಮಾತ್ರ ತೋಳಿಲ್ಲ,” ಅಂದ.

“ನಿಂಗಿದ್ರೆ ತೋರ್ಸು. ಬಾಯಿ ಎಲ್ಲರಿಗೂ ಇದೆ,” ಎಂದಳು ಬಿರಾಗೊ.

ತೋರಿಸಿದ. ಅಂದು ಎತ್ತಿದ ಒನಕೆಯನ್ನು ಇಪ್ಪತ್ತು ವರ್ಷ ಕಳೆದರೂ ಕೆಳಗಿಡಲಿಲ್ಲ. ನಡುವೆ ಯಾವಾಗಲೋ ಅವಳ ಸೋದರಮಾವಂದಿರಿಗೆ ಪದ್ಧತಿಯಂತೆ ಹೆಂಡದ ಶೀಶೆ ಒಪ್ಪಿಸಿ ಮದುವೆಯೂ ಆಯಿತು. ಅದರ ನಂತರ ಗಂಡನಿಗೆ ಅವಳಿಂದ ಒಂದು ಒಳ್ಳೆಯ ಮಾತು ಸಿಕ್ಕಿದ್ದನ್ನು ಯಾರೂ ಕೇಳಿಲ್ಲ. ಆದರೆ ಪ್ರತಿ ಮಧ್ಯಾಹ್ನವೂ ಅವನ ಒನಕೆಯ ಕೆಳಗೆ ಕೈ ಇಡುತ್ತಿದ್ದಳು, ಅದೂ ನೋಡದೆ. ಇದಕ್ಕಿಂತ ಹೆಚ್ಚು ಏನು ಬೇಕು ಒಬ್ಬ ಗಂಡಸಿಗೆ ಎಂದು ನಮಗನ್ನಿಸುತ್ತಿತ್ತು. ಆಂಟ್ವಿಗೆ ಅನ್ನಿಸುತ್ತಿತ್ತೋ ಇಲ್ಲವೋ, ಆ ಮಂದಬುದ್ಧಿಗೇ ಗೊತ್ತು.

ಅವನಿಗಿದ್ದ ಚಟ ಒಂದೇ, ಡಾಮೆ ಆಟ. ಖಾನಾವಳಿಯ ಎದುರಿನ ಬೇವಿನ ಮರದ ಕೆಳಗೆ ಹಲಗೆ ಇಟ್ಟು, ಕಾಯಿಗಳನ್ನು ಚಟ್ ಚಟ್ ಎಂದು ಬಡಿಯುತ್ತ ಪೇಟೆಯ ಸೋಮಾರಿಗಳೆಲ್ಲ ಆಡುತ್ತಾರೆ. ಆ ಆಟದಲ್ಲಿ ಕಾಯಿ ನಡೆಸುವುದು ಕಾಲು ಪಾಲು, ಎದುರಿನವನನ್ನು ಹೀಯಾಳಿಸುವುದು ಮುಕ್ಕಾಲು ಪಾಲು. ಸೋತವನು ಸೋಲಿಗೆ ನಾಚುವುದಿಲ್ಲ, ತಕ್ಕ ಬೈಗುಳ ಹೊಳೆಯಲಿಲ್ಲವಲ್ಲ ಎಂದು ನಾಚುತ್ತಾನೆ. ಆಂಟ್ವಿ ತನ್ನನ್ನು ಟಾಫೊದ ಡಾಮೆ ಚಕ್ರವರ್ತಿ ಎಂದುಕೊಂಡಿದ್ದ. ಕುಟ್ಟುವಾಗಲೂ ಒಂದು ಕಿವಿ ಹಲಗೆಯ ಕಡೆಗೇ.

ಒಂದು ಶನಿವಾರ, ಗಿರಾಕಿಗಳು ತುಂಬಿದ್ದ ಹೊತ್ತು. ಮರದ ಕೆಳಗೆ ಬಡಗಿ ಅಸಿಯೆದು ಎದುರಾಳಿಯ ಮೂರು ಕಾಯಿಗಳನ್ನು ಒಂದೇ ಏಟಿಗೆ ತಿನ್ನುವ ದಾರಿ ಕಣ್ಣ ಮುಂದಿದ್ದರೂ ಕಾಣದೆ ತಲೆ ಕೆರೆಯುತ್ತಿದ್ದ. ಆಂಟ್ವಿಗೆ ತಡೆಯಲಾಗಲಿಲ್ಲ. ಒನಕೆ ಮೇಲಿರುವಾಗಲೇ ಕತ್ತು ತಿರುಗಿಸಿ, “ತಿನ್ನೋ ಕುರುಡಾ! ಮೂರೂ ಬಾಯಿ ತೆರ್ಕೊಂಡು ಕೂತಿವೆ!” ಎಂದು ಕೂಗಿದ. ಆ ಕೂಗಿಗೆ ಒನಕೆ ಅರ್ಧ ಉಸಿರು ತಡವಾಯಿತು. ಬಿರಾಗೊಳ ಕೈಗೆ ಗೊತ್ತಿದ್ದದ್ದು ಇಪ್ಪತ್ತು ವರ್ಷದ ತಾಳ ಮಾತ್ರ. ಅದು ಹೊರಬಂದು, ತನ್ನ ಹೊತ್ತಿಗೆ ಸರಿಯಾಗಿ ಮತ್ತೆ ಒಳಗೆ ಹೋಯಿತು. ತಡವಾದ ಒನಕೆಯೂ ಆಗಲೇ ಬಂತು.

ಬೆರಳು ಮುರಿದ ಸದ್ದು ಸೂಪು ಕುಡಿಯುತ್ತಿದ್ದವರಿಗೂ ಕೇಳಿಸಿತು. ಬಿರಾಗೊ ಕಿರುಚಲಿಲ್ಲ. ಹಿಟ್ಟು ಮೆತ್ತಿಕೊಂಡ, ಸೊಟ್ಟಗಾದ ಕೈಯನ್ನು ಎತ್ತಿ ಮಡಿಲಲ್ಲಿಟ್ಟುಕೊಂಡು, ಬೂದಿಯಂತಾದ ಮುಖ ಎತ್ತಿ ಗಂಡನನ್ನು ಕೇಳಿದಳು:

“ಯಾರು ಗೆದ್ರು?”

ಅಷ್ಟೇ. ಅದಾದ ಮೇಲೆ ಅವಳು ಅವನೊಡನೆ ನೇರವಾಗಿ ಮಾತಾಡುವುದನ್ನೇ ಬಿಟ್ಟಳು. ದೊಡ್ಡಾಸ್ಪತ್ರೆಯಲ್ಲಿ ಬೆರಳಿಗೆ ತಂತಿ ಹಾಕಿ, ಪಟ್ಟಿ ಕಟ್ಟಿ ಕಳಿಸಿದರು. ಮನೆಗೆ ಬಂದವಳು ಸೂಪಿನ ಪಾತ್ರೆಯನ್ನು ತನ್ನ ವಕ್ತಾರನನ್ನಾಗಿ ನೇಮಿಸಿಕೊಂಡಳು. ಅರಸರು ಪ್ರಜೆಯೊಡನೆ ನೇರ ಮಾತಾಡುತ್ತಾರೆಯೇ? ನಡುವೆ ಕೋಲು ಹಿಡಿದವನೊಬ್ಬ ಇರುತ್ತಾನೆ. ಹಾಗೆ ಇವಳೂ, “ಪಾತ್ರೆಯೇ, ಆ ಮನುಷ್ಯನಿಗೆ ಹೇಳು, ಸೌದೆ ಮುಗಿದಿದೆ,” ಎನ್ನುವಳು. ಆಂಟ್ವಿ ಪಾತ್ರೆಯತ್ತ ತಿರುಗಿ, “ತರ್ತೀನಿ,” ಎನ್ನುವನು. ಗಿರಾಕಿಗಳು ನಗು ತಡೆಯಲು ಮೆಣಸಿನಕಾಯಿ ಕಚ್ಚಿಕೊಳ್ಳುತ್ತಿದ್ದರು.

ಒರಳಿನ ಮುಂದಿನ ಮಣೆಗೆ ಟೆಚಿಮಾನ್‌ನಿಂದ ಆಂಟ್ವಿಯ ತಂಗಿ ಟಿವಾ ಬಂದು ಕೂತಳು. ದೊಡ್ಡ ಮೈ, ಅದಕ್ಕಿಂತ ದೊಡ್ಡ ನಗು. ಎಲ್ಲದಕ್ಕೂ ‘ಅಕ್ಕಾ’ ಎನ್ನುವವಳು. ಅವಳು ತಿರುವಿದ ಫುಫುವಿನಲ್ಲಿ ಗಂಟುಗಳಿರುತ್ತಿದ್ದವು. ಬಿರಾಗೊ ಮೊದಲ ದಿನವೇ ಒಂದು ಚೂರು ಬಾಯಿಗಿಟ್ಟು ಉಗುಳಿದಳು. ಇನ್ನು ಗಿರಾಕಿಗಳು ದಂಗೆ ಎದ್ದಾರು, ಪುಕ್ಕಟೆ ಊಟ ಕೇಳಿಯಾರು ಎಂದು ಕಾದಳು. ಯಾರೂ ಏನೂ ಅನ್ನಲಿಲ್ಲ. ಉಂಡರು, ತೇಗಿದರು, ಟಿವಾಳ ಜೋಕಿಗೆ ನಕ್ಕರು, ನಾಳೆ ಬರುತ್ತೇವೆ ಎಂದು ಹೋದರು. ಬಿರಾಗೊಗೆ ಬೆರಳು ಮುರಿದದ್ದಕ್ಕಿಂತ ಇದು ಹೆಚ್ಚು ನೋವು ಮಾಡಿತು. “ಇಷ್ಟು ವರ್ಷ ನಾನು ತಿರುವಿ ಹಾಕಿದ್ದು ಮನುಷ್ಯರಿಗೆ ಅಂದ್ಕೊಂಡಿದ್ದೆ,” ಎಂದಳು ಪಾತ್ರೆಗೆ.

ಅವಳ ಪಾಲಿಗೆ ಉಳಿದದ್ದು ಬಡಿಸುವ ಕೆಲಸ, ಅದೂ ಎಡಗೈಯಲ್ಲಿ. ಎಡಗೈಯಲ್ಲಿ ಅನ್ನ ಕೊಡುವುದೆಂದರೆ ಮುಖಕ್ಕೆ ಉಗುಳಿದಂತೆ. ಪ್ರತಿ ಬಟ್ಟಲಿಗೂ, “ಎಡಗೈ, ತಪ್ಪು ತಿಳೀಬೇಡಿ,” ಎನ್ನಬೇಕು. ಜೀವಮಾನದಲ್ಲಿ ಯಾರ ಬಳಿಯೂ ತಪ್ಪಾಯಿತು ಎನ್ನದವಳು ಈಗ ದಿನವಿಡೀ ಮೇಕೆ ಕಾಯುವವನಿಗೂ ಮೀನು ಮಾರುವವಳಿಗೂ ತಪ್ಪು ತಪ್ಪು ಎನ್ನುತ್ತ ನಿಂತಿದ್ದಳು. ಎನ್ನುವಾಗ ಮುಖ ಮಾತ್ರ, ನೀವು ಇದಕ್ಕೇ ಯೋಗ್ಯರು ಎನ್ನುವಂತಿರುತ್ತಿತ್ತು.

ಪಟ್ಟಿ ಬಿಚ್ಚಿದ ಮೇಲೆ ದೊಡ್ಡಾಸ್ಪತ್ರೆಯವರು ಅವಳನ್ನು ಕೈ ಪಳಗಿಸುವ ಕೋಣೆಗೆ ಕಳಿಸಿದರು. ಅಲ್ಲಿದ್ದವಳು ನ್ಯಾರ್ಕೊ ಎಂಬ ಹುಡುಗಿ. ಬಿಳಿ ಅಂಗಿ, ಗಿಡ್ಡ ಕೂದಲು, ತಾಳ್ಮೆಯ ದನಿ. ಮೇಜಿನ ಮೇಲೆ ಎರಡು ಯಂತ್ರಗಳಿದ್ದವು. ಒಂದು ಮುಷ್ಟಿಯಲ್ಲಿ ಹಿಡಿದು ಅದುಮುವ ಹಿಡಿ, ತುದಿಯಲ್ಲಿ ಗಡಿಯಾರದಂಥ ಮುಖ; ಎಷ್ಟು ಕಿಲೋ ಬಲ ಎಂದು ಅದರ ಮುಳ್ಳು ಹೇಳುತ್ತದೆ. ಇನ್ನೊಂದು ಚಿಕ್ಕದು, ಎರಡು ಬೆರಳ ನಡುವೆ ಚಿವುಟಲು. ಆಂಟ್ವಿ ಚೀಲ ಹೊತ್ತು ಹಿಂದೆ ಬಂದವನು ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂತ.

“ತೋಳು ಮೈಗೆ ಅಂಟಿಸಿ, ಮೊಣಕೈ ಮಡಿಸಿ ಮಾಮೆ. ಮೊದಲು ಎಡಗೈ ಕೊಡಿ,” ಎಂದಳು ನ್ಯಾರ್ಕೊ, ಅಮ್ಮನ ವಯಸ್ಸಿನವರನ್ನು ಕರೆಯುವಂತೆ.

“ಏನಂದೆ? ಎಡಗೈ ಕೊಡ್ಬೇಕಾ? ನಿಮ್ಮಮ್ಮ ನಿಂಗೆ ಇದನ್ನೇನಾ ಕಲ್ಸಿದ್ದು?”

“ಒಳ್ಳೇ ಕೈಯಲ್ಲಿ ಎಷ್ಟಿದೆ ಅಂತ ಗೊತ್ತಾದ್ರೆ ತಾನೇ ಮಾಮೆ, ಪೆಟ್ಟಾದ ಕೈ ಎಲ್ಲಿಗೆ ಮುಟ್ಟಬೇಕು ಅಂತ ಗೊತ್ತಾಗೋದು?”

“ಒಳ್ಳೇ ಕೈ ಅಂತೆ! ಎಡಗೈನ ಒಳ್ಳೇ ಕೈ ಅಂತ ಕರೆದವಳು ಈ ಊರಲ್ಲಿ ನೀನೇ ಮೊದಲು. ಓದಿದ್ದು ಹೆಚ್ಚಾಯ್ತು ನಿಂಗೆ.”

ಕೊನೆಗೂ ಮುಖ ಆಚೆ ತಿರುಗಿಸಿಕೊಂಡು ಎಡಗೈ ಕೊಟ್ಟಳು. ಮುಳ್ಳು ಇಪ್ಪತ್ತಾರಕ್ಕೆ ಹೋಯಿತು. ಬಲಗೈಯ ಸರದಿ ಬಂದಾಗ ಹಲ್ಲು ಕಚ್ಚಿ, ಕತ್ತಿನ ನರ ಉಬ್ಬಿಸಿ ಅದುಮಿದಳು. ಮುಳ್ಳು ಮೂರರ ಬಳಿ ನಡುಗಿ ನಿಂತಿತು. ಚಿವುಟುವ ಯಂತ್ರದಲ್ಲಂತೂ ಮಿಸುಕಲೇ ಇಲ್ಲ. ಬೆವರು ಮೂಗಿನ ತುದಿಗೆ ಇಳಿಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಬಿರಾಗೊ ಯಂತ್ರವನ್ನು ಮೇಜಿನ ಮೇಲೆ ಕುಕ್ಕಿ, “ಕೆಟ್ಟಿದೆ ಇದು. ಬಿಳಿಯರು ಬಿಸಾಕಿದ್ದನ್ನೆಲ್ಲ ತಂದಿಟ್ಕೊಂಡು ಕೂತಿದ್ದೀರಿ. ಕೈ ಅಂದ್ರೇನು, ಸಂತೇಲಿ ತೂಗೋ ಗೆಣಸಾ?” ಎಂದಳು. ಆದರೆ ಆ ಮೂರು ಅವಳ ಎದೆಯಲ್ಲಿ ಕೂತುಬಿಟ್ಟಿತು.

ನ್ಯಾರ್ಕೊ ಮನೆಯಲ್ಲಿ ಹಿಸುಕಲೆಂದು ಹಸಿರು ಬಣ್ಣದ ಅಂಟಿನ ಮುದ್ದೆಯೊಂದನ್ನು ಕೊಟ್ಟಳು. ಬಿರಾಗೊ ಅದನ್ನು ಅಂಗೈಯಲ್ಲಿಟ್ಟು ಒತ್ತಿ ನೋಡಿ, “ಇದನ್ನ ಯಾರು ತಿರುವಿದ್ದು?” ಎಂದು ಕೇಳಿದಳು. ಹುಡುಗಿ ನಕ್ಕಳು. ಬಿರಾಗೊ ನಗಲಿಲ್ಲ, ಅವಳು ನಿಜವಾಗಿಯೂ ಕೇಳಿದ್ದಳು.

ಬಾಯಿಯಲ್ಲಿ ಬೈದರೂ ಕೈ ಕೆಲಸ ಬಿಡಲಿಲ್ಲ. ಬೆಳಗ್ಗೆ ಬಿಸಿನೀರು, ಆಮೇಲೆ ಹಸಿರು ಮುದ್ದೆ, ಸಂಜೆ ಹಗ್ಗಕ್ಕೆ ಬಟ್ಟೆ ಕ್ಲಿಪ್ಪು ಸಿಕ್ಕಿಸಿ ತೆಗೆಯುವುದು. ಹಗ್ಗದ ಒಂದು ತುದಿ ಕಿಟಕಿಗೆ, ಇನ್ನೊಂದನ್ನು ಆಂಟ್ವಿ ಹಿಡಿದು ನಿಲ್ಲಬೇಕು. ಮರದ ಕೆಳಗಿಂದ ಗೆಳೆಯರು ಕರೆದರೂ ಅವನು ಕದಲುತ್ತಿರಲಿಲ್ಲ. ಅವನು ಡಾಮೆಯನ್ನೇ ಬಿಟ್ಟಿದ್ದ. ಇದನ್ನು ಬಿರಾಗೊ ಗಮನಿಸದೆ ಇರಲಿಲ್ಲ, ಬೆಲೆ ಕೊಡಲಿಲ್ಲ ಅಷ್ಟೇ. “ಕತ್ತೆ ಬಾಗಿಲು ಮುರಿದ ಮೇಲೆ ಸಾಧುವಾಯ್ತಂತೆ,” ಎಂದಳು ಪಾತ್ರೆಗೆ.

ತಿಂಗಳಿಗೊಮ್ಮೆ ಯಂತ್ರದ ಮುಳ್ಳು ಸ್ವಲ್ಪ ಸ್ವಲ್ಪವೇ ಮುಂದಕ್ಕೆ ಹೋಯಿತು. ಎಂಟು, ಹದಿಮೂರು, ಹತ್ತೊಂಬತ್ತು. ಈಗ ಯಂತ್ರ ಕೆಟ್ಟಿದೆ ಎನ್ನುವ ಮಾತು ನಿಂತಿತ್ತು. ಮುಳ್ಳಿನ ಮುಂದೆ ಕೂರುವ ದಿನ ಅವಳು ಹೊಸ ತಲೆವಸ್ತ್ರ ಕಟ್ಟುತ್ತಿದ್ದಳು. ಇತ್ತ ಟಿವಾ ಕೂಡ ದಿನ ಎಣಿಸುತ್ತಿದ್ದಳು. ಟೆಚಿಮಾನ್‌ನಲ್ಲಿ ಅವಳ ಹೆಗ್ಗೆಣಸಿನ ಹೊಲ ಅಗೆತಕ್ಕೆ ಬಂದಿತ್ತು; ಹೋಗಲೇಬೇಕು. “ನಿಮ್ಮ ಕೈ ಬಂತಲ್ಲ ಅಕ್ಕಾ, ಇನ್ನು ನಾನ್ಯಾಕೆ?” ಎನ್ನುತ್ತಿದ್ದಳು. ಅವಳು ಹೋದರೆ ಆ ಮಣೆಯ ಮೇಲೆ ಕೂರುವವರು ಟಾಫೊದಲ್ಲಿ ಬೇರೆ ಯಾರೂ ಇರಲಿಲ್ಲ. ಆಂಟ್ವಿಯ ಒನಕೆಯ ಕಥೆ ಎಲ್ಲರಿಗೂ ಗೊತ್ತು, ಯಾರ ಕೈಯೂ ಬಿಟ್ಟಿ ಬಿದ್ದಿಲ್ಲ. ಗಿರಣಿಯಲ್ಲಿ ಅರೆಸಿ ತಂದು ಹಾಕುವುದಕ್ಕಿಂತ ಬಾಗಿಲು ಮುಚ್ಚುವುದೇ ಮೇಲು ಎಂದು ಬಿರಾಗೊ ಎಂದೋ ಆಣೆ ಮಾಡಿದ್ದಳು. ಅಂದರೆ ಅವಳ ಕೈ ಒರಳಿಗೆ ಮರಳಬೇಕು, ಇಲ್ಲವೇ ಒಲೆ ಆರಬೇಕು.

ಅಷ್ಟರಲ್ಲಿ ಒಂದು ಮಧ್ಯಾಹ್ನ ಅವಳು ಬಲಗೈಯಲ್ಲಿ ಸೌಟು ಹಿಡಿದು ಸೂಪು ಬಡಿಸುತ್ತಿದ್ದಳು. ತಪ್ಪು ಎನ್ನದೆ ಬಡಿಸುವ ಸುಖವೇ ಬೇರೆ. ಬೆನ್ನ ಹಿಂದೆ ಆಂಟ್ವಿಯ ಒನಕೆ ಧಡ್ ಎಂದು ಒರಳಿಗೆ ಬಿತ್ತು. ಕೈ ತಾನಾಗಿ ಹಾರಿ ಎದೆಗೆ ಅಂಟಿಕೊಂಡಿತು. ಸೌಟು ನೆಲಕ್ಕೆ ಬಿದ್ದು ಸೂಪು ಗಿರಾಕಿಯ ಕಾಲಿಗೆ ಚಿಮ್ಮಿತು. “ಇನ್ನೂ ಬಲ ಬಂದಿಲ್ಲ,” ಎಂದಳು ಬಿರಾಗೊ, ಯಾರೂ ಕೇಳದಿದ್ದರೂ. ಅಂದು ಅಂಗಡಿ ಖಾಲಿಯಾದ ಮೇಲೆ ಬರಿಯ ಒರಳಿನ ಮುಂದೆ ಕೂತು ಕೈ ಒಳಗಿಟ್ಟು ನೋಡಿದಳು. ಒನಕೆ ಗೋಡೆಗೆ ಒರಗಿತ್ತು. ಆದರೂ ಅಂಗೈ ಬೆವೆಯಿತು; ಸರಕ್ಕನೆ ಹೊರಗೆಳೆದುಕೊಂಡಳು.

ಅವಳಿಗೆ ಗೊತ್ತಾಯಿತು. ಹೆದರಿಕೆ. ಒರಳಿಗೆ ತಲೆ ಕೊಟ್ಟ ಮೇಲೆ ಒನಕೆ ಪೆಟ್ಟಿಗೆ ಅಂಜಿದರಾದೀತೇ ಎಂದು ಪೇಟೆಯ ಪುಕ್ಕಲರಿಗೆಲ್ಲ ಬುದ್ಧಿ ಹೇಳಿದವಳು ಇವಳೇ. ಹೆರಿಗೆಗೆ ಅಳುವವಳನ್ನೂ, ನಾಯಿಗೆ ಓಡುವವನನ್ನೂ ಆಡಿಕೊಂಡು ನಕ್ಕವಳು. ಈಗ ಒರಗಿಸಿಟ್ಟ ಒಂದು ಮರದ ತುಂಡಿಗೆ ಬೆವರುತ್ತಿದ್ದಾಳೆ. ಇದು ಯಾರಿಗೂ ತಿಳಿಯಬಾರದು, ಎಲ್ಲರಿಗಿಂತ ಮೊದಲು ಆ ಗಂಡನೆಂಬ ಪ್ರಾಣಿಗೆ ತಿಳಿಯಬಾರದು ಎಂದು ನಿಶ್ಚಯಿಸಿದಳು. ಕೈಗೆ ಬಲವೇ ಬಾರದಿದ್ದರೆ ಯಾರು ಕೇಳುತ್ತಾರೆ? ಬಲವಿಲ್ಲದ್ದು ಮಾನಗೇಡಲ್ಲ. ತಪ್ಪು ಅವನದು, ಕೈ ಅವಳದು, ಮುಗಿಯಿತು.

ಮುಂದಿನ ಸಲ ಯಂತ್ರ ಹಿಡಿದಾಗ ಹಲ್ಲು ಕಚ್ಚಿದಳು, ಕತ್ತಿನ ನರ ಉಬ್ಬಿಸಿದಳು, ನರಳಿದಳು. ಬೆರಳಿಗೆ ಮಾತ್ರ ಬಲ ಬಿಡಲಿಲ್ಲ. ಮುಳ್ಳು ಒಂಬತ್ತು ತೋರಿಸಿತು.

“ಹೋದ ತಿಂಗಳು ಹತ್ತೊಂಬತ್ತಿತ್ತಲ್ಲ ಮಾಮೆ?” ಎಂದಳು ನ್ಯಾರ್ಕೊ.

“ಕೈ ನಂದು, ಹೋಗತ್ತೆ ಬರತ್ತೆ. ನಿನ್ನ ಅಪ್ಪಣೆ ಕೇಳ್ಬೇಕಾ?”

ಹುಡುಗಿ ಯಂತ್ರದ ಹಿಡಿಯನ್ನು ಸ್ವಲ್ಪ ಕಿರಿದು ಮಾಡಿ ಕೊಟ್ಟಳು. ಒಂಬತ್ತು. ಅಗಲ ಮಾಡಿ ಕೊಟ್ಟಳು. ಒಂಬತ್ತು. ಇನ್ನೂ ಅಗಲ ಮಾಡಿದಳು, ಆಗಲೂ ಒಂಬತ್ತು. ಹಿಡಿ ಬದಲಾದಂತೆ ನಿಜವಾದ ಕೈಯ ಬಲವೂ ಏರಿಳಿಯುತ್ತದೆ. ನಾಟಕದ ಕೈ ಮಾತ್ರ ಎಲ್ಲದಕ್ಕೂ ಒಂದೇ ಲೆಕ್ಕ ಕೊಡುತ್ತದೆ. ಬಿರಾಗೊಗೆ ಇದು ಗೊತ್ತಿರಲಿಲ್ಲ. ತನ್ನ ಜಾಣತನಕ್ಕೆ ತಾನೇ ಒಳಗೊಳಗೆ ಬೀಗುತ್ತಿದ್ದಳು.

“ಈಗೊಂದು ಆಟ ಮಾಮೆ. ನಾನು ಬಲ ಅಂದ್ರೆ ಬಲಗೈ, ಎಡ ಅಂದ್ರೆ ಎಡಗೈ. ಬೇಗ ಬೇಗ ಹಿಸುಕ್ಬೇಕು, ಯೋಚ್ನೆ ಮಾಡಬಾರ್ದು. ವಯಸ್ಸಾದವರಿಗೆ ಸ್ವಲ್ಪ ಕಷ್ಟ ಇದು.”

“ಯಾರಿಗೆ ವಯಸ್ಸಾಗಿದ್ದು? ಹೇಳು, ನೋಡೇಬಿಡ್ತೀನಿ.”

ಎಡ, ಬಲ, ಎಡ, ಬಲ. ಯಂತ್ರ ಆ ಕೈಯಿಂದ ಈ ಕೈಗೆ ಹಾರಿತು. ಹುಡುಗಿಯ ಬಾಯಿಗಿಂತ ತನ್ನ ಕೈ ಮುಂದಿರಬೇಕೆಂಬ ಹಟದಲ್ಲಿ ಬಿರಾಗೊ ಉಳಿದದ್ದೆಲ್ಲ ಮರೆತಳು. ನ್ಯಾರ್ಕೊ ತಟ್ಟನೆ ನಿಲ್ಲಿಸಿ ಯಂತ್ರವನ್ನು ಅವಳ ಮುಖಕ್ಕೆ ತಿರುಗಿಸಿದಳು. ಹಿಡಿ ಬಲಗೈಯಲ್ಲಿತ್ತು. ಮುಳ್ಳು ಇಪ್ಪತ್ತೈದರ ಮೇಲೆ ನಿಂತಿತ್ತು.

ಬೆಂಚಿನ ಮೇಲೆ ಆಂಟ್ವಿ ಚೀಲವನ್ನು ಒಂದು ಮಂಡಿಯಿಂದ ಇನ್ನೊಂದಕ್ಕೆ ಇಟ್ಟುಕೊಂಡ.

“ಹೆಚ್ಚುಕಡಿಮೆ ಎಡಗೈಯಷ್ಟೇ ಆಗಿದೆ ಮಾಮೆ. ಕೈ ಗಟ್ಟಿಯಾಗಿದೆ,” ಎಂದಳು ನ್ಯಾರ್ಕೊ ಮೆಲ್ಲಗೆ. “ಹೆದರಿಕೆ ಆಗ್ತಿದ್ರೆ ಹೆದರಿಕೆ ಅಂತ ಹೇಳಿ. ತುಂಬಾ ಜನಕ್ಕಾಗತ್ತೆ. ಅದನ್ನ ಅಳೆಯೋಕೆ ನನ್ನ ಹತ್ರ ಏನೂ ಇಲ್ಲ, ಆದ್ರೆ ಬಿಡಿಸೋಕೆ ದಾರಿ ಇದೆ.”

“ಹೆದರಿಕೆಯಾ? ನಂಗಾ?” ಬಿರಾಗೊ ಎದ್ದು ನಿಂತಳು. “ನೀನು ಹುಟ್ಟೋಕೆ ಮುಂಚೆಯಿಂದ ಒನಕೆ ಕೆಳಗೆ ಕೈ ಇಟ್ಟವಳು ನಾನು. ನಿನ್ನ ಈ ಆಟದ ಸಾಮಾನು ತಗೊಂಡು ಹೋಗಿ ನಿನ್ನ ಗಂಡನ್ನ ಅಳೆ, ಅವನಲ್ಲಿ ಏನಾದ್ರೂ ಇದ್ರೆ!” ಎಂದು ಉದ್ದಕ್ಕೆ ‘ಚ್ಯೂ’ ಎನ್ನಹೋದಳು. ಬಾಯಿ ಒಣಗಿತ್ತು. ಅರ್ಧಕ್ಕೇ ನಿಂತಿತು.

ಟ್ರೊಟ್ರೊ ವ್ಯಾನಿನಲ್ಲಿ ಇಬ್ಬರೂ ಪಕ್ಕಪಕ್ಕ ಕೂತು ಟಾಫೊಗೆ ಹೊರಟರು. ಬಿರಾಗೊ ಮೈಯೆಲ್ಲ ಕಿವಿಯಾಗಿ ಕಾದಳು. ಈಗ ಹೇಳುತ್ತಾನೆ, ಈಗ ನಗುತ್ತಾನೆ. ಡಾಮೆ ಆಡಿದ ಗಂಡಸು ಇಂಥ ಗೆಲುವನ್ನು ಸುಮ್ಮನೆ ಬಿಡುವುದುಂಟೇ? ನಾಳೆ ಮರದ ಕೆಳಗೆ ಎದ್ದು ನಿಂತು ಅಭಿನಯಿಸಿ ತೋರಿಸುತ್ತಾನೆ: ನನ್ನ ಹೆಂಡತಿ ನರಳಿದ್ದು ಹೀಗೆ, ಮುಳ್ಳು ಹಾರಿದ್ದು ಹೀಗೆ. ಅವಳ ಕೆನ್ನೆ ಉರಿಯಿತು. ಆಂಟ್ವಿ ಕಿಟಕಿಯಾಚೆ ನೋಡುತ್ತಿದ್ದ. ದಾರಿ ಮುಕ್ಕಾಲು ಮುಗಿದಾಗ ಅವಳಿಗೆ ತಡೆಯಲಾಗಲಿಲ್ಲ. ಹತ್ತಿರ ಪಾತ್ರೆಯೂ ಇರಲಿಲ್ಲ.

“ಏನಾದ್ರೂ ಬೊಗಳು. ಗೆದ್ದಿದ್ದೀಯಲ್ಲ!”

ಆಂಟ್ವಿ ತಿರುಗಿ ನೋಡಿದ. ಇಷ್ಟು ತಿಂಗಳ ಮೇಲೆ ಅವಳು ತನ್ನೊಡನೆಯೇ ಮಾತಾಡಿದ್ದು ಎಂದು ತಿಳಿಯಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು.

“ನಾನೆಲ್ಲಿ ಗೆದ್ದೆ?” ಎಂದ. ಆಮೇಲೆ ಮತ್ತೆ ಕಿಟಕಿಯ ಕಡೆ ತಿರುಗಿದ.

ಗೆಲುವು ಸಿಕ್ಕರೂ ತಿನ್ನಲು ಬಾರದ ಈ ಮೂಢನಿಗೆ ತಕ್ಕ ಬೈಗುಳವೇ ಅವಳಿಗೆ ಹೊಳೆಯಲಿಲ್ಲ.

ಆ ವಾರವೇ ಟಿವಾ ಗಂಟು ಕಟ್ಟಿದಳು. ಹೋಗುವಾಗ ಅತ್ತಿಗೆಯನ್ನು ತಬ್ಬಿ, “ಗಂಟು ಗಂಟು ತಿರುವಿದೆ, ಹೊಟ್ಟೆಗೆ ಹಾಕ್ಕೊಳಿ ಅಕ್ಕಾ,” ಎಂದು ನಕ್ಕಳು. ಗೊತ್ತಿದ್ದೂ ಗಂಟು ಬಿಟ್ಟಿದ್ದಳಲ್ಲ ಎಂದು ಬಿರಾಗೊಗೆ ಮೈಯುರಿಯಿತು. ಟಿವಾಳ ಬೆನ್ನು ಮರೆಯಾಗುತ್ತಲೇ ಮರಗೆಣಸು ಬೇಯಲಿಟ್ಟಳು, ಬಾಳೆಕಾಯಿ ಸುಲಿದಳು, ನೀರಿನ ಬಟ್ಟಲು ತುಂಬಿ ಒರಳಿನ ಪಕ್ಕಕ್ಕಿಟ್ಟಳು. ಮಧ್ಯಾಹ್ನ ಗಿರಾಕಿಗಳು ಬರುವ ಹೊತ್ತಿಗೆ ಸೀರೆಯಂತೆ ಸುತ್ತಿದ ಬಟ್ಟೆಯನ್ನು ಮಂಡಿಯ ನಡುವೆ ಸಿಕ್ಕಿಸಿ ತನ್ನ ಮಣೆಯ ಮೇಲೆ ಕೂತಳು. ಮರದ ಕೆಳಗೆ ಕಾಯಿ ಬಡಿಯುವ ಸದ್ದು ನಿಂತುಹೋಯಿತು.

“ಏನು ನೋಡ್ತೀರಿ? ನಿಮ್ಮ ಹಲಗೆ ಅಲ್ಲಿದೆ,” ಎಂದಳು. ದನಿ ಸರಿಯಾಗಿಯೇ ಬಂತು. ಒಳಗೆ ಮಾತ್ರ ಅವಳು ಸಾಯುವಷ್ಟು ಹೆದರಿದ್ದಳು. ಎದ್ದು ಓಡಬೇಕೆನಿಸುತ್ತಿತ್ತು. ಎಲ್ಲರೂ ನೋಡುತ್ತ ಕೂತದ್ದರಿಂದ ಓಡಲಿಲ್ಲ, ಅಷ್ಟೇ.

ಆಂಟ್ವಿ ಬಂದು ಒನಕೆ ಎತ್ತಿದ. ಮೊದಲು ಗೆಣಸು ಪುಡಿಯಾಗುವ ತನಕ ಕೈಯ ಕೆಲಸವಿಲ್ಲ. ಅವನು ಕುಟ್ಟಿದ. ಹಿಟ್ಟು ಒಗ್ಗೂಡಿ ಒನಕೆಗೆ ಅಂಟತೊಡಗಿತು. ಇನ್ನು ತಿರುವಬೇಕು. ಒನಕೆ ಮೇಲೆ ಹೋಯಿತು. ಬಿರಾಗೊ ಕೈಯನ್ನು ನೀರಿಗದ್ದಿ, ಉಸಿರು ಕಟ್ಟಿ, ಒರಳಿಗೆ ತೂರಿಸಿ ಮಗುಚಿ ಹೊರಗೆಳೆದಳು. ಧಡ್ ಎನ್ನಬೇಕಾಗಿದ್ದ ಸದ್ದು ಬರಲಿಲ್ಲ. ಕಾದಳು. ಬರಲಿಲ್ಲ. ತಲೆಯೆತ್ತಿದಳು.

ಒನಕೆ ಗಾಳಿಯಲ್ಲೇ ಇತ್ತು. ಅದನ್ನು ಹಿಡಿದ ತೋಳುಗಳೆರಡೂ ಗಡಗಡ ನಡುಗುತ್ತಿದ್ದವು.

“ಏನಾಯ್ತು? ಒನಕೆ ಆಕಾಶಕ್ಕೆ ಅಂಟ್ಕೊಂಡ್ತಾ?” ಎಂದಳು.

“ನಂಗಾಗಲ್ಲ ಬಿರಾಗೊ.”

“ಟಿವಾ ಕೂತಿದ್ದಾಗ ಆಗ್ತಿತ್ತಲ್ಲ?”

“ಟಿವಾ ಕೈ ನಾನು ಮುರಿದಿಲ್ಲ,” ಎಂದ ಆಂಟ್ವಿ. “ಆ ಸದ್ದು ನಂಗೆ ದಿನಾ ಕೇಳತ್ತೆ. ಊಟ ಮಾಡುವಾಗ ಕೇಳತ್ತೆ. ನಿನ್ನ ಕೈ ಒಳಗೆ ಹೋದ್ರೆ ನಂಗೆ ಕಣ್ಣು ಕತ್ತಲೆ. ನೀನು ಏಳು. ಗಿರಣಿ ಫುಫು ತರೋಣ, ಅಂಗಡಿ ಮುಚ್ಚೋಣ, ಏನಾದ್ರೂ ಮಾಡೋಣ. ಏಳು.”

ಬಿರಾಗೊ ಅವನನ್ನೇ ನೋಡಿದಳು. ಇವನು ಮರೆತಿದ್ದಾನೆ, ತಿಂದುಂಡು ನಿದ್ದೆ ಮಾಡುತ್ತಿದ್ದಾನೆ ಎಂದುಕೊಂಡೇ ಇಷ್ಟು ತಿಂಗಳು ಅವನನ್ನು ತುಳಿದಿದ್ದಳು. ತುಳಿಯಬೇಕಾದರೆ ಅವನು ಕೆಳಗಿರಬೇಕು, ತಾನು ಮೇಲಿರಬೇಕು. ಈಗ ನೋಡಿದರೆ ಅವಳೊಳಗೆ ಅಡಗಿದ್ದ ಹೆದರಿಕೆಯೇ ಅವನ ತೋಳಲ್ಲೂ ನಡುಗುತ್ತಿತ್ತು. ಅವಳಿಗೆ ಅವನ ಮೇಲೆ ಕೋಪ ಬಂತು, ಅಳುವೂ ಬಂತು. ಈಗ ತಾನು ಎದ್ದರೆ ಈ ಮನುಷ್ಯ ಇನ್ನೆಂದೂ ಒನಕೆ ಮುಟ್ಟುವುದಿಲ್ಲ, ತಾನು ಇನ್ನೆಂದೂ ಈ ಮಣೆಗೆ ಬರುವುದಿಲ್ಲ, ಇಬ್ಬರೂ ಆರಿದ ಒಲೆಯ ಮುಂದೆ ಕೂತು ಸಾಯುತ್ತೇವೆ. ಅದು ಅವಳಿಗೆ ಕಣ್ಣಿಗೆ ಕಟ್ಟಿದಂತೆ ಕಂಡಿತು.

ಅವಳು ಮತ್ತೆ ಕೈಯನ್ನು ಒರಳಿಗಿಟ್ಟಳು.

“ಕೇಳಿದ್ರೇನ್ರೋ!” ಎಂದು ಮರದ ಕಡೆಗೆ ಕೂಗಿದಳು. “ಆಸ್ಪತ್ರೆ ಹುಡುಗಿ ಅಳೀಬೇಕಾಗಿದ್ದು ಈ ಮಹಾರಾಯನ ಕೈಯನ್ನ. ಮುಳ್ಳು ಅಲ್ಲಾಡ್ತಾನೂ ಇರ್ಲಿಲ್ಲ. ನಿಮ್ಮ ಚಕ್ರವರ್ತಿ ಇವನೇ ಏನು?”

ಬಡಗಿ ಅಸಿಯೆದು ಮೊದಲು ನಕ್ಕ, ಆಮೇಲೆ ಎಲ್ಲರೂ ನಕ್ಕರು. ಆಂಟ್ವಿಯ ಮುಖ ಕಪ್ಪಿಟ್ಟಿತು. ಅವಳು ಕೈ ತೆಗೆದಳು, ಒನಕೆ ಬಿತ್ತು. ಬಿದ್ದಿತೋ ಕೂತಿತೋ ತಿಳಿಯದಷ್ಟು ಮೆತ್ತಗೆ.

“ಇದೇನಿದು, ಮಗೂನ ತಟ್ಟಿ ಮಲಗಿಸ್ತಿದ್ದೀಯಾ? ಹೊಡಿ!”

ಹೊಡೆದ. ಅವಳ ಕೈ ಒಳಗೆ ಹೋಯಿತು, ಹೊರಗೆ ಬಂತು. “ಹೊಡಿ.” ಮತ್ತೆ ಹೋಯಿತು. “ಹೊಡಿ, ಹೇಡಿ.” ಯಾರಿಗೆ ಹೇಳುತ್ತಿದ್ದಾಳೆಂದು ಅವಳಿಗೇ ಗೊತ್ತಿರಲಿಲ್ಲ. ಹೆದರಿಕೆ ಎಲ್ಲೂ ಹೋಗಿರಲಿಲ್ಲ, ಆದರೆ ಹಿಟ್ಟು ತಿರುಗುತ್ತಿತ್ತು. ಬಾಳೆಕಾಯಿಯೂ ಗೆಣಸೂ ಬೆರೆತು ಹೊಳಪು ಬರತೊಡಗಿತು. ಬೆರಳಿಗೆ ಒಂದು ಗಂಟು ಸಿಕ್ಕಿತು. ಮುರಿದು ಕೂಡಿದ ಆ ಬೆರಳುಗಳೇ ಅದನ್ನು ಹಿಸುಕಿದವು.

ಆಗ ಒನಕೆ ಮತ್ತೆ ಮೇಲೆ ನಿಂತಿತು. ಅವಳ ಕೈ ಒಳಗೇ ಇತ್ತು.

“ಮತ್ತೇನು? ಆ ಕಡೆ ನೋಡ್ತಿದ್ದೀಯಾ?”

“ಎಲ್ಲೂ ನೋಡ್ತಿಲ್ಲ. ಕಣ್ಣಲ್ಲಿ ನೀರು. ಏನೂ ಕಾಣ್ತಿಲ್ಲ.”

“ಇಂಥವನ್ನ ಕಟ್ಕೊಂಡೆನಲ್ಲ ನಾನು,” ಎಂದಳು ಬಿರಾಗೊ. “ಒರೆಸ್ಕೊ. ಕಾಯ್ತೀನಿ.”

ಆಂಟ್ವಿ ಒಂದು ಕೈಯಲ್ಲಿ ಒನಕೆ ಎತ್ತಿ ಹಿಡಿದುಕೊಂಡೇ ಇನ್ನೊಂದು ತೋಳಿನಿಂದ ಕಣ್ಣು ಒರೆಸಿಕೊಂಡ, ಮೊದಲು ಒಂದು, ಆಮೇಲೆ ಇನ್ನೊಂದು. ಅಷ್ಟು ಹೊತ್ತೂ ಅವಳು ಒರಳಿನಿಂದ ಕೈ ತೆಗೆಯಲಿಲ್ಲ.